ಹಳೆ ಮಸ್ಟಾಂಗ್ ಬಿಚ್ಚುವ ಮೊದಲು: ಸರಿಯಾದ ಮ್ಯಾನುಯಲ್ ಹುಡುಕುವುದು ಹೇಗೆ?

"ಅರವತ್ತರ ದಶಕದ ಮಸ್ಟಾಂಗ್ ತಗೊಂಡಿದ್ದೇನೆ. ಯಾವ ಮ್ಯಾನುಯಲ್ ಕೊಳ್ಳಬೇಕು?"

ಮ್ಯಾನುಯಲ್, ಅಂದರೆ ರಿಪೇರಿ ಕೈಪಿಡಿ. ಅಮೆರಿಕದಲ್ಲಿರುವ ಕನ್ನಡದ ಗೆಳೆಯರು ಈ ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳುತ್ತಿದ್ದಾರೆ. ಕೆಲವರದು ಫೋರ್ಡ್ ಮಸ್ಟಾಂಗ್ ಕಾರು, ಕೆಲವರದು ಷೆವ್ರೊಲೆ ಕಮಾರೊ, ಒಬ್ಬಿಬ್ಬರದು ಡಾಡ್ಜ್ ಚಾರ್ಜರ್. ಒಬ್ಬೊಬ್ಬರಿಗೂ ಬೇರೆ ಬೇರೆ ಉತ್ತರ ಬರೆಯುವ ಬದಲು ಎಲ್ಲವನ್ನೂ ಒಂದೇ ಕಡೆ ಬರೆದಿಡುತ್ತಿದ್ದೇನೆ.

ಮೊದಲಿಗೇ ಒಂದು ಮಾತು. ಕಾರನ್ನು ಪೂರ್ತಿ ಬಿಚ್ಚಿ ಮತ್ತೆ ಕಟ್ಟುವ ಕೆಲಸಕ್ಕೆ ಒಂದೇ ಪುಸ್ತಕ ಸಾಕಾಗುವುದಿಲ್ಲ. ಬ್ರೇಕ್ ರಿಪೇರಿ ಹೇಳುವ ಪುಸ್ತಕ ಬೇರೆ. ಬಾಗಿಲಿನ ರಬ್ಬರ್ ಯಾವ ಕಡೆಯಿಂದ ಕೂರುತ್ತದೆ ಎಂದು ತೋರಿಸುವ ಪುಸ್ತಕ ಬೇರೆ. ಪಾರ್ಟ್ ನಂಬರ್ ಕೊಡುವುದು ಇನ್ನೊಂದು. ಹಾಗಾಗಿ "ಯಾವ ಮ್ಯಾನುಯಲ್" ಎಂದು ಕೇಳುವ ಮೊದಲು ಎರಡು ಸಂಗತಿ ಗೊತ್ತಾಗಬೇಕು. ನಿಮ್ಮ ಕಾರು ನಿಜಕ್ಕೂ ಯಾವುದು? ನಿಮ್ಮ ಪ್ರಶ್ನೆ ಯಾವುದು?

ಇಲ್ಲಿ 1965ರಿಂದ 1970ರವರೆಗಿನ ಫೋರ್ಡ್ ಮಸ್ಟಾಂಗನ್ನು ಉದಾಹರಣೆಯಾಗಿ ಇಟ್ಟುಕೊಂಡಿದ್ದೇನೆ. ಇದು ಮಸಲ್ ಕಾರೋ ಪೋನಿ ಕಾರೋ (ಅಂದರೆ ಚಿಕ್ಕ ಸ್ಪೋರ್ಟಿ ಕಾರು) ಎಂಬ ಚರ್ಚೆ ಹಳೆಯದು, ಅದು ನಮಗೆ ಬೇಡ. ಮಸಲ್ ಕಾರು ಎಂದರೆ ಸಾಧಾರಣ ಗಾತ್ರದ ಕಾರಿಗೆ ದೊಡ್ಡ ವಿ8, ಅಂದರೆ ಎಂಟು ಸಿಲಿಂಡರಿನ ಇಂಜಿನ್ ಕೂರಿಸಿದ್ದು. 1964ರ ಪಾಂಟಿಯಾಕ್ ಜಿಟಿಒದಿಂದ ಆ ಕಾಲ ಶುರುವಾಯಿತು ಎಂದು ಹೆಚ್ಚಿನವರು ಹೇಳುತ್ತಾರೆ. ಜನರಲ್ ಮೋಟಾರ್ಸ್ ಮತ್ತು ಕ್ರೈಸ್ಲರ್ ಕಾರುಗಳ ವಿಷಯ ಹಂತ 7 ಆದ ಮೇಲೆ ಬರುತ್ತದೆ.

ಶುರು ಮಾಡಲು ಹೆಚ್ಚೇನೂ ಬೇಡ. ಒಂದು ಟಾರ್ಚ್, ಹಳೆ ಟೂತ್‌ಬ್ರಷ್, ಫೋನ್ ಕ್ಯಾಮೆರಾ, ಒಂದು ನೋಟ್‌ಬುಕ್, ನಿಮ್ಮ ಊರಿನ ಪಬ್ಲಿಕ್ ಲೈಬ್ರರಿಯ ಕಾರ್ಡ್. ಸ್ಪ್ಯಾನರ್ ಇನ್ನೂ ಪೆಟ್ಟಿಗೆಯಲ್ಲೇ ಇರಲಿ.

ಹಂತ 1: ಕಾರಿನ ನಂಬರ್ ಓದಿ

ಪ್ರತಿ ಕಾರಿಗೂ ವಿಐಎನ್ ಎಂಬ ಗುರುತಿನ ನಂಬರ್ ಇರುತ್ತದೆ. ಈಗಿನ ಕಾರುಗಳಲ್ಲಿ ಅದು 17 ಅಕ್ಷರದ್ದು. ಆಗಿನ ಫೋರ್ಡ್‌ಗಳಲ್ಲಿ 11 ಮಾತ್ರ. ಉದಾಹರಣೆಗೆ 7ಆರ್02ಸಿ ಎಂದು ಶುರುವಾಗಿ, ಮುಂದೆ ಆರು ಅಂಕಿ ಇದೆ ಎಂದುಕೊಳ್ಳಿ. ಮೊದಲ 7 ಎಂದರೆ 1967ರ ಮಾಡೆಲ್. ಆರ್ ಎಂದರೆ ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆ ಕಾರ್ಖಾನೆ. ಎಫ್ ಇದ್ದರೆ ಮಿಶಿಗನ್‌ನ ಡಿಯರ್‌ಬಾರ್ನ್, ಟಿ ಇದ್ದರೆ ನ್ಯೂಜೆರ್ಸಿಯ ಮೆಟಚನ್. 02 ಎಂದರೆ ಫಾಸ್ಟ್‌ಬ್ಯಾಕ್, ಅಂದರೆ ಹಿಂದಿನ ಚಾವಣಿ ಇಳಿಜಾರಾಗಿರುವ ಮಾಡೆಲ್. ಸಿ ಎಂದರೆ ಎರಡು ಬ್ಯಾರಲ್ ಕಾರ್ಬ್ಯುರೇಟರ್ ಇರುವ 289 ಕ್ಯುಬಿಕ್ ಇಂಚಿನ ವಿ8. ಉಳಿದ ಆರು ಅಂಕಿ ಕಾರಿನ ಕ್ರಮಸಂಖ್ಯೆ.

ಇಲ್ಲೇ ಮೊದಲ ತೊಡಕು ಎದುರಾಗುತ್ತದೆ. 1965 ಮತ್ತು 1966ರಲ್ಲಿ ಫಾಸ್ಟ್‌ಬ್ಯಾಕ್‌ನ ಕೋಡ್ 02 ಅಲ್ಲ, 09. ಹಾರ್ಡ್‌ಟಾಪ್ (ಗಟ್ಟಿ ಚಾವಣಿಯದು) 07, ಕನ್ವರ್ಟಿಬಲ್ (ಚಾವಣಿ ಮಡಚುವಂಥದು) 08. 1967ರಿಂದ ಹಾರ್ಡ್‌ಟಾಪ್ 01, ಫಾಸ್ಟ್‌ಬ್ಯಾಕ್ 02, ಕನ್ವರ್ಟಿಬಲ್ 03 ಆದವು. ಬೇರೆ ವರ್ಷದ ಪಟ್ಟಿ ಹಿಡಿದು ಓದಿದರೆ ಕಾರೇ ತಪ್ಪಾಗಿ ಕಾಣುತ್ತದೆ.

ಈ ನಂಬರನ್ನು ಎಲ್ಲಿ ಓದಬೇಕು ಎಂಬುದೂ ಮುಖ್ಯ. ಡ್ರೈವರ್ ಬಾಗಿಲಿನ ಮೇಲೆ ಒಂದು ಲೋಹದ ಪಟ್ಟಿ ಇರುತ್ತದೆ (1970ರ ಮಾಡೆಲ್‌ನಲ್ಲಿ ಅದರ ಬದಲು ಸ್ಟಿಕ್ಕರ್). ಅದಕ್ಕೆ ವಾರಂಟಿ ಪ್ಲೇಟ್ ಎನ್ನುತ್ತಾರೆ. ಬಣ್ಣ, ಸೀಟಿನ ಬಟ್ಟೆ, ಗೇರ್‌ಬಾಕ್ಸ್, ಹಿಂದಿನ ಆಕ್ಸಲ್, ತಯಾರಾದ ದಿನ, ಎಲ್ಲದರ ಕೋಡ್ ಅದರಲ್ಲಿದೆ. ಆದರೆ 50-60 ವರ್ಷದಲ್ಲಿ ಬಾಗಿಲು ಬದಲಾಗಿರಬಹುದು. ಪ್ಲೇಟ್ ಹೊಸದಾಗಿ ಮಾಡಿಸಿದ್ದೂ ಇರಬಹುದು. ಹಾಗಾಗಿ ಬಾನೆಟ್ ಎತ್ತಿ, ಡ್ರೈವರ್ ಕಡೆಯ ಒಳ ಫೆಂಡರ್ ತಗಡಿನ ಮೇಲೆ ಕೊರೆದಿರುವ ನಂಬರ್ ನೋಡಿ. ಟೂತ್‌ಬ್ರಷ್ ಬೇಕಾಗುವುದು ಇಲ್ಲಿಗೇ. ಎರಡೂ ಹೊಂದಬೇಕು. 1968ರ ಮಾಡೆಲ್‌ನಿಂದ ಮುಂದಿನ ಗಾಜಿನ ಮೂಲಕ ಹೊರಗಿನಿಂದಲೂ ನಂಬರ್ ಕಾಣುತ್ತದೆ, ಆ ಕಾರುಗಳಲ್ಲಿ ಅದನ್ನೂ ಸೇರಿಸಿ ಮೂರನ್ನೂ ಹೋಲಿಸಿ. ಹೊಂದದಿದ್ದರೆ ಪುಸ್ತಕದ ವಿಷಯ ಬದಿಗಿಟ್ಟು ಮೊದಲು ಕಾರಿನ ದಾಖಲೆಪತ್ರ ಪರಿಶೀಲಿಸಿ.

ಪ್ಲೇಟಿನ ಮೇಲಿನ ದಿನಾಂಕ ಓದುವಾಗಲೂ ಎಚ್ಚರ. ಮೊದಲು ದಿನ, ಆಮೇಲೆ ತಿಂಗಳ ಅಕ್ಷರ. ಎ ಎಂದರೆ ಜನವರಿ, ಹೀಗೆ ಮುಂದೆ. ಆದರೆ ಐ ಅಕ್ಷರವನ್ನು ಬಿಟ್ಟಿದ್ದಾರೆ, 1 ಅಂಕಿಯ ಹಾಗೆ ಕಾಣುತ್ತದಲ್ವಾ? ಆದ್ದರಿಂದ 16ಜೆ ಎಂದರೆ ಸೆಪ್ಟೆಂಬರ್ 16, ಅಕ್ಟೋಬರ್ ಅಲ್ಲ. ಇನ್ನೊಂದು ಮಾತು: 1967ರ ಮಾಡೆಲ್ ಕಾರು 1966ರ ಸೆಪ್ಟೆಂಬರ್‌ನಲ್ಲೇ ತಯಾರಾಗಿರಬಹುದು. ಮ್ಯಾನುಯಲ್ ಕೊಳ್ಳುವಾಗ ನೋಡಬೇಕಾದ್ದು ಮಾಡೆಲ್ ವರ್ಷ, ತಯಾರಾದ ವರ್ಷವಲ್ಲ.

ಒಂದು ವರ್ಷ ಆಚೀಚೆ ಆದರೆ ಏನು ಮಹಾ ಎಂದು ಕೇಳುವವರಿದ್ದಾರೆ. ಬ್ರೇಕನ್ನೇ ನೋಡಿ. 1966ರ ಮಸ್ಟಾಂಗ್‌ನ ಮಾಸ್ಟರ್ ಸಿಲಿಂಡರ್‌ಗೆ, ಅಂದರೆ ಪೆಡಲ್ ತುಳಿದಾಗ ಬ್ರೇಕ್ ದ್ರವವನ್ನು ಒತ್ತುವ ಭಾಗಕ್ಕೆ, ಒಂದೇ ಕೋಣೆ. ಎಲ್ಲೋ ಒಂದು ಕಡೆ ಪೈಪ್ ಒಡೆದರೆ ನಾಲ್ಕೂ ಚಕ್ರದ ಬ್ರೇಕ್ ಹೋಗುತ್ತದೆ. 1967ರಲ್ಲಿ ಅದು ಎರಡು ಕೋಣೆಯದಾಯಿತು. ಮುಂದಿನ ಚಕ್ರಗಳಿಗೆ ಒಂದು, ಹಿಂದಿನವಕ್ಕೆ ಒಂದು. ಪೈಪುಗಳ ಜೋಡಣೆಯೇ ಬೇರೆಯಾಯಿತು. 1966ರ ಪುಸ್ತಕ ತೆರೆದಿಟ್ಟುಕೊಂಡು 1967ರ ಬ್ರೇಕ್ ಜೋಡಿಸಲು ಹೋಗಬಾರದು.

ವರ್ಷದ ಒಳಗೂ ವ್ಯತ್ಯಾಸ ಇರುತ್ತದೆ. 1964ರ ಏಪ್ರಿಲ್ 17ರಂದು ನ್ಯೂಯಾರ್ಕ್ ವಿಶ್ವ ಮೇಳದಲ್ಲಿ ಮಸ್ಟಾಂಗ್ ಹೊರಬಂತು. ಆ ವರ್ಷದ ಮಾರ್ಚ್‌ನಿಂದ ಬೇಸಿಗೆಯವರೆಗೆ ತಯಾರಾದ ಕಾರುಗಳನ್ನು ಜನ 1964½ ಎಂದು ಕರೆಯುತ್ತಾರೆ. ವಿಐಎನ್‌ನಲ್ಲಿ ಮಾತ್ರ ಅವಕ್ಕೂ 5 ಎಂದೇ ಇದೆ, ಅಂದರೆ 1965. ಆದರೆ ಅವುಗಳಲ್ಲಿ ಬ್ಯಾಟರಿ ಚಾರ್ಜ್ ಮಾಡುವುದು ಜನರೇಟರ್, ಆಮೇಲಿನ 1965ರ ಕಾರುಗಳಲ್ಲಿ ಆಲ್ಟರ್ನೇಟರ್. ಚಾರ್ಜಿಂಗ್ ಭಾಗದ ವೈರಿಂಗ್ ಬೇರೆ. ಇಂಥ ಕಾರಿದ್ದರೆ ವೈರಿಂಗ್ ಪುಸ್ತಕ ಕೊಳ್ಳುವಾಗ ಜನರೇಟರ್ ನಕ್ಷೆ ಇದೆಯೇ ಎಂದು ಕೇಳಿಯೇ ಕೊಳ್ಳಿ.

ಹಂತ 2: ಒಳಗೆ ಕೂತಿರುವ ಇಂಜಿನ್ ಯಾವುದು ನೋಡಿ

ವಿಐಎನ್ ಹೇಳುವುದು ಕಾರ್ಖಾನೆಯಿಂದ ಹೊರಟಾಗ ಇದ್ದ ಇಂಜಿನ್. ಈಗ ಇರುವುದು ಅದೇ ಎಂದು ನಂಬಬೇಡಿ. ಇಷ್ಟು ವರ್ಷದಲ್ಲಿ ಯಾರೋ ಬೇರೆ ಇಂಜಿನ್ ಕೂರಿಸಿರುವುದು ತೀರಾ ಸಾಮಾನ್ಯ.

ಇಂಜಿನ್ ಬ್ಲಾಕ್ ಎರಕ ಹೊಯ್ಯುವಾಗಲೇ ಮೂಡಿಸಿದ ನಂಬರ್ ಒಂದು ಇರುತ್ತದೆ. ಅದಕ್ಕೆ ಕಾಸ್ಟಿಂಗ್ ನಂಬರ್ ಎಂದು ಹೆಸರು. ಪಕ್ಕದಲ್ಲೇ ದಿನಾಂಕದ ಕೋಡ್ ಕೂಡ ಇರುತ್ತದೆ. ಎರಡರ ಫೋಟೊ ತೆಗೆದಿಡಿ. ಬ್ಲಾಕ್‌ನ ದಿನಾಂಕ ಕಾರು ತಯಾರಾದ ದಿನಕ್ಕಿಂತ ಸ್ವಲ್ಪ ಹಿಂದಿನದಾಗಿರಬೇಕು. ಅದು ಕಾರಿಗಿಂತ ಈಚಿನದಾಗಿದ್ದರೆ ಇಂಜಿನ್ ಬದಲಾಗಿದೆ ಎಂದೇ ಅರ್ಥ.

ಇದು ಯಾಕೆ ಮುಖ್ಯ? ಫೋರ್ಡ್‌ನ 289 ಮತ್ತು ಆ ಕಾಲದ 302 ಇಂಜಿನ್‌ಗಳ ಫೈರಿಂಗ್ ಆರ್ಡರ್, ಅಂದರೆ ಸಿಲಿಂಡರ್‌ಗಳಲ್ಲಿ ಕಿಡಿ ಹೊತ್ತುವ ಸರದಿ, 1-5-4-2-6-3-7-8. 1969ರಲ್ಲಿ ಬಂದ 351 ವಿಂಡ್ಸರ್ ನೋಡಲು ಹೆಚ್ಚುಕಡಿಮೆ ಅವುಗಳ ಹಾಗೇ ಇದೆ. ಆದರೆ ಅದರ ಸರದಿ 1-3-7-2-6-5-4-8. ಕಾರು 1968ರದ್ದು ಎಂದು 1968ರ ಪುಸ್ತಕ ನೋಡಿ ಪ್ಲಗ್ ವೈರ್ ಹಾಕುತ್ತೀರಿ, ಒಳಗಿರುವುದು 351. ಇಂಜಿನ್ ಸ್ಟಾರ್ಟ್ ಆಗುವುದಿಲ್ಲ. ಕಾರ್ಬ್ಯುರೇಟರ್ ಕಡೆಯಿಂದ ಬೆಂಕಿ ಉಗುಳಿದರೂ ಉಗುಳಬಹುದು. ಇಂಥ ಕಾರಿಗೆ ಎರಡು ಮ್ಯಾನುಯಲ್ ಬೇಕು. ಕಾರಿನ ಬಾಡಿ, ಬ್ರೇಕ್, ವೈರಿಂಗ್ ಕೆಲಸಕ್ಕೆ ಕಾರಿನ ವರ್ಷದ್ದು. ಇಂಜಿನ್‌ಗೆ ಇಂಜಿನ್ ವರ್ಷದ್ದು.

ಗೇರ್‌ಬಾಕ್ಸ್ ಮತ್ತು ಹಿಂದಿನ ಆಕ್ಸಲ್ ಮೇಲೆ ಸಣ್ಣ ತಗಡಿನ ಟ್ಯಾಗ್ ಇದ್ದರೆ ಅದರ ಫೋಟೊನೂ ತೆಗೆಯಿರಿ. ಅವು ಬೋಲ್ಟ್ ಕೆಳಗೆ ಸಿಕ್ಕಿಸಿರುವ ಟ್ಯಾಗ್‌ಗಳು. ತೊಳೆಯುವಾಗ ಉದುರಿ ಕಳೆದುಹೋಗುತ್ತವೆ.

ಹಂತ 3: ಯಾವ ಪ್ರಶ್ನೆಗೆ ಯಾವ ಪುಸ್ತಕ

ಮೊದಲು ಕೊಳ್ಳಬೇಕಾದ್ದು ಶಾಪ್ ಮ್ಯಾನುಯಲ್. ಡೀಲರ್ ಗ್ಯಾರೇಜಿನ ಮೆಕ್ಯಾನಿಕ್‌ಗಳಿಗಾಗಿ ಫೋರ್ಡ್ ಕಂಪನಿಯೇ ಅಚ್ಚು ಹಾಕಿಸಿದ ಪುಸ್ತಕ ಇದು. ಬಿಚ್ಚುವುದು, ಪರೀಕ್ಷಿಸುವುದು, ಅಳತೆ, ಬೋಲ್ಟನ್ನು ಎಷ್ಟು ಬಿಗಿಯಬೇಕು ಎಲ್ಲವೂ ಇದರಲ್ಲಿದೆ. ರಕ್ಷಾಪುಟದ ಮೇಲೆ ಮಸ್ಟಾಂಗ್ ಜೊತೆ ಫಾಲ್ಕನ್, ಫೇರ್‌ಲೇನ್, ಕಾಮೆಟ್ ಎಂದೆಲ್ಲ ಹೆಸರಿದ್ದರೆ ಗಾಬರಿಯಾಗಬೇಡಿ. ಮಸ್ಟಾಂಗ್ ಹುಟ್ಟಿದ್ದೇ ಫಾಲ್ಕನ್‌ನ ಭಾಗಗಳಿಂದ. ಆದ್ದರಿಂದ ಹಲವು ಕಾರುಗಳಿಗೆ ಸೇರಿಸಿ ಒಂದೇ ಪುಸ್ತಕ ಮಾಡುತ್ತಿದ್ದರು. 1970ರ ಹೊತ್ತಿಗೆ ಅದು ಐದು ಸಂಪುಟವಾಗಿತ್ತು: ಚಾಸಿ, ಇಂಜಿನ್, ಎಲೆಕ್ಟ್ರಿಕಲ್, ಬಾಡಿ, ನಿರ್ವಹಣೆ. ಯಾರಾದರೂ "1970ರ ಶಾಪ್ ಮ್ಯಾನುಯಲ್, ಅಗ್ಗ" ಎಂದರೆ ಎಷ್ಟನೇ ಸಂಪುಟ ಎಂದು ಕೇಳಿ.

ಶಾಪ್ ಮ್ಯಾನುಯಲ್‌ಗೆ ಒಂದು ಮಿತಿ ಇದೆ. ಅದು ಬರೆದದ್ದು ಹೊಸ ಕಾರನ್ನು ರಿಪೇರಿ ಮಾಡುವವರಿಗೆ. ಕಾರಿನ ಉಳಿದೆಲ್ಲ ಭಾಗ ಅದರದರ ಜಾಗದಲ್ಲಿದೆ ಎಂದು ಅದು ನಂಬಿಕೊಂಡಿರುತ್ತದೆ. ನಿಮ್ಮ ಮುಂದಿರುವುದು ನಾಲ್ಕು ಡಬ್ಬದ ತುಂಬ ನಟ್ಟು ಬೋಲ್ಟು, ಅದನ್ನೂ ಬೇರೆ ಯಾರೋ ಬಿಚ್ಚಿಟ್ಟದ್ದು. ಅಲ್ಲಿ ಕೈ ಹಿಡಿಯುವುದು ಅಸೆಂಬ್ಲಿ ಮ್ಯಾನುಯಲ್.

ಕಾರ್ಖಾನೆಯಲ್ಲಿ ಕಾರು ಜೋಡಿಸುವಾಗ ಬಳಸುತ್ತಿದ್ದ ರೇಖಾಚಿತ್ರಗಳ ಕಟ್ಟು ಇದು. ವಿವರಣೆಯ ಮಾತು ಕಡಿಮೆ, ಚಿತ್ರವೇ ಜಾಸ್ತಿ. ಯಾವ ತೂತಿಗೆ ಯಾವ ಸ್ಕ್ರೂ, ವಾಶರ್ ಮೇಲೋ ಕೆಳಗೋ, ವೈರಿನ ಕಟ್ಟು ಯಾವ ಕ್ಲಿಪ್ಪಿನ ಹಿಂದೆ ಹೋಗುತ್ತದೆ, ಕ್ರೋಮ್ ಪಟ್ಟಿ ಎಲ್ಲಿ ಕೊನೆಯಾಗುತ್ತದೆ, ಇದೆಲ್ಲ ಸಿಗುವುದು ಇಲ್ಲೇ. ಮಸ್ಟಾಂಗ್‌ಗೆ ಇವು ಬಾಡಿ, ಚಾಸಿ, ಎಲೆಕ್ಟ್ರಿಕಲ್, ಒಳ ಅಲಂಕಾರ ಎಂದು ಬೇರೆ ಬೇರೆ ಪುಸ್ತಕವಾಗಿ ರೀಪ್ರಿಂಟ್ ಆಗಿವೆ. ತುಕ್ಕು ಹಿಡಿದ ನೆಲದ ತಗಡು ಬದಲಾಯಿಸುವವರಿಗೆ ವೆಲ್ಡಿಂಗ್ ಮತ್ತು ಸೀಲರ್ ಜಾಗಗಳನ್ನು ತೋರಿಸುವ ಪುಸ್ತಕವೂ ಇದೆ. ನನ್ನನ್ನು ಕೇಳಿದರೆ, ಶಾಪ್ ಮ್ಯಾನುಯಲ್ ಆದ ಮೇಲೆ ಎರಡನೇ ದುಡ್ಡು ಹೋಗಬೇಕಾದ್ದು ಇದಕ್ಕೇ.

ಮೂರನೆಯದು ವೈರಿಂಗ್ ನಕ್ಷೆ. ಶಾಪ್ ಮ್ಯಾನುಯಲ್‌ನಲ್ಲೂ ಇರುತ್ತದೆ, ಆದರೆ ಸಣ್ಣದಾಗಿ, ಕಪ್ಪು ಬಿಳುಪಿನಲ್ಲಿ. ದೊಡ್ಡ ಹಾಳೆಯ ಮೇಲಿರುವ ಪ್ರತ್ಯೇಕ ನಕ್ಷೆ ತಗೊಳ್ಳಿ. ಬಣ್ಣದಲ್ಲಿ ಮುದ್ರಿಸಿದ್ದೂ ಸಿಗುತ್ತದೆ.

ಮಾಸ್ಟರ್ ಪಾರ್ಟ್ಸ್ ಕ್ಯಾಟಲಾಗ್ ನಾಲ್ಕನೆಯದು. ಡೀಲರ್‌ಗಳ ಬಿಡಿಭಾಗದ ಕೌಂಟರಿನಲ್ಲಿ ಇರುತ್ತಿದ್ದ ಪುಸ್ತಕ. ಇದರಲ್ಲಿ ಎರಡು ಭಾಗ: ಒಂದರಲ್ಲಿ ನಂಬರ್ ಪಟ್ಟಿ, ಇನ್ನೊಂದರಲ್ಲಿ ಚಿತ್ರ. ಒಂದನ್ನೇ ಕೊಂಡರೆ ಅರ್ಧ ಉಪಯೋಗ ಮಾತ್ರ. ಮೂಲ ಕೈಗೆ ಸಿಗುವುದು ಕಷ್ಟ. ಡಿಜಿಟಲ್ ಪ್ರತಿಯೇ ಅನುಕೂಲ, ಹುಡುಕುವುದೂ ಸುಲಭ.

ಇವುಗಳ ಜೊತೆ ಹಾಲಂಡರ್ ಇಂಟರ್‌ಚೇಂಜ್ ಮ್ಯಾನುಯಲ್ ಎಂಬುದೊಂದಿದೆ. ಗುಜರಿ ಅಂಗಡಿಯವರು ಬಳಸುತ್ತಿದ್ದ ಪುಸ್ತಕ. ಒಂದು ಕಾರಿನ ಭಾಗ ಬೇರೆ ಯಾವ ಕಾರಿಗೆ, ಯಾವ ವರ್ಷದ್ದಕ್ಕೆ ಹೊಂದುತ್ತದೆ ಎಂದು ಹೇಳುತ್ತದೆ. ಮಸ್ಟಾಂಗ್‌ಗೆ ಬೇಕಾದ ಭಾಗ ಮಸ್ಟಾಂಗ್ ಹೆಸರಿನಲ್ಲಿ ದುಬಾರಿಯಾಗಿದ್ದಾಗ ಇದು ತುಂಬ ನೆರವಿಗೆ ಬರುತ್ತದೆ.

ಹೇನ್ಸ್, ಚಿಲ್ಟನ್ ಪುಸ್ತಕಗಳು? ಇವು ಕಂಪನಿಯವಲ್ಲ, ಹೊರಗಿನ ಪ್ರಕಾಶಕರವು. ಭಾಷೆ ಸರಳ, ಫೋಟೊ ಚೆನ್ನಾಗಿರುತ್ತದೆ, ಮೊದಲ ಸಲ ಬ್ರೇಕ್ ಬಿಚ್ಚುವವರಿಗೆ ಧೈರ್ಯ ಕೊಡುತ್ತವೆ. ಆದರೆ ಹತ್ತಿರ ಹತ್ತಿರ ಹತ್ತು ವರ್ಷದ ಮಸ್ಟಾಂಗ್‌ಗಳನ್ನು ಒಂದೇ ಪುಸ್ತಕದಲ್ಲಿ ತುಂಬಿಸಿದಾಗ ವರ್ಷ ವರ್ಷದ ವ್ಯತ್ಯಾಸಗಳು ಬಿಟ್ಟುಹೋಗುತ್ತವೆ. ಜೊತೆಗಿರಲಿ. ಅದೊಂದನ್ನೇ ನಂಬಿಕೊಳ್ಳಬೇಡಿ.

ಹಂತ 4: ಫೋರ್ಡ್ ಪಾರ್ಟ್ ನಂಬರ್ ಓದಲು ಕಲಿಯಿರಿ

ಇದು ಅರ್ಧ ಗಂಟೆಯ ಪಾಠ. ಕಲಿತರೆ ಕ್ಯಾಟಲಾಗ್ ತಾನಾಗಿ ತೆರೆದುಕೊಳ್ಳುತ್ತದೆ.

ಫೋರ್ಡ್ ನಂಬರಿನಲ್ಲಿ ಮೂರು ತುಂಡು. ಮೊದಲ ತುಂಡು ನಾಲ್ಕು ಅಕ್ಷರದ್ದು, ಉದಾಹರಣೆಗೆ ಸಿ7ಝಡ್‌ಝಡ್. ಸಿ ಎಂದರೆ ಅರವತ್ತರ ದಶಕ. ಎಪ್ಪತ್ತರದಕ್ಕೆ ಡಿ. 7 ಎಂದರೆ 1967. ಮೂರನೇ ಅಕ್ಷರ ಯಾವ ಕಾರಿಗಾಗಿ ಮಾಡಿದ್ದು ಎಂದು ಹೇಳುತ್ತದೆ: ಝಡ್ ಮಸ್ಟಾಂಗ್, ಡಿ ಫಾಲ್ಕನ್, ಒ ಫೇರ್‌ಲೇನ್, ಎ ದೊಡ್ಡ ಗ್ಯಾಲಕ್ಸಿ. ನಾಲ್ಕನೆಯದು ಯಾವ ವಿಭಾಗದ್ದು ಎಂಬುದು. ಕೊನೆಯಲ್ಲಿ ಝಡ್ ಇದ್ದರೆ ಅದು ಡೀಲರ್ ಕೌಂಟರಿನಲ್ಲಿ ಮಾರುವ ಸರ್ವಿಸ್ ನಂಬರ್.

ನಡುವಿನ ತುಂಡು ಆ ಭಾಗದ ಮೂಲ ನಂಬರ್. ಇದು ವರ್ಷ ಬದಲಾದರೂ ಬದಲಾಗುವುದಿಲ್ಲ. 9510 ಎಂದರೆ ಕಾರ್ಬ್ಯುರೇಟರ್. 12127 ಡಿಸ್ಟ್ರಿಬ್ಯೂಟರ್. 8501 ವಾಟರ್ ಪಂಪ್. 6049 ಸಿಲಿಂಡರ್ ಹೆಡ್. 11002 ಸ್ಟಾರ್ಟರ್. ಕ್ಯಾಟಲಾಗ್ ಜೋಡಿಸಿರುವುದು ಈ ನಂಬರಿನ ಕ್ರಮದಲ್ಲೇ. ಕೊನೆಯ ಅಕ್ಷರ ಆ ಭಾಗದ ಬೇರೆ ಬೇರೆ ರೂಪಗಳನ್ನು ಗುರುತಿಸುತ್ತದೆ.

ತುಂಬ ಜನ ಎಡವುವ ಜಾಗ ಇದು: ಭಾಗದ ಮೈಮೇಲೆ ಮೂಡಿರುವುದು ಎಂಜಿನಿಯರಿಂಗ್ ನಂಬರ್. ಕ್ಯಾಟಲಾಗ್‌ನಲ್ಲಿರುವುದು ಸರ್ವಿಸ್ ನಂಬರ್. ಎರಡೂ ಒಂದೇ ಅಲ್ಲ. ಮೈಮೇಲಿನ ನಂಬರ್ ಕ್ಯಾಟಲಾಗ್‌ನಲ್ಲಿ ಸಿಗಲಿಲ್ಲ ಎಂದು ಭಾಗವೇ ನಕಲಿ ಎಂದುಕೊಳ್ಳಬೇಡಿ. ನಡುವಿನ ಮೂಲ ನಂಬರ್ ಹಿಡಿದು ನಿಮ್ಮ ವರ್ಷ, ನಿಮ್ಮ ಇಂಜಿನ್ ಇರುವ ಸಾಲಿಗೆ ಬನ್ನಿ. ಹಾಗೆಯೇ 1967ರ ಮಸ್ಟಾಂಗ್ ಮೇಲೆ ಫಾಲ್ಕನ್ ಅಕ್ಷರದ ಭಾಗ ಕಂಡರೂ ಅದು ಮೂಲದ್ದೇ ಆಗಿರಬಹುದು. ಮೊದಲು ಯಾವ ಕಾರಿಗಾಗಿ ಮಾಡಿದರೋ ಆ ಅಕ್ಷರವೇ ಉಳಿದಿರುತ್ತದೆ.

ಹಂತ 5: ದುಡ್ಡು ಕೊಡದೆ ಸಿಗುವುದನ್ನು ಮೊದಲು ನೋಡಿ

ಲೈಬ್ರರಿ ಕಾರ್ಡ್ ಇಟ್ಟುಕೊಳ್ಳಿ ಎಂದದ್ದು ಇದಕ್ಕೆ. ನಿಮ್ಮ ಊರಿನ ಲೈಬ್ರರಿಯಲ್ಲಿ ಪುಸ್ತಕ ಇಲ್ಲದಿದ್ದರೂ ಬೇರೆ ಊರಿನದನ್ನು ತರಿಸಿಕೊಡುವ ವ್ಯವಸ್ಥೆ ಇರುತ್ತದೆ. ವರ್ಲ್ಡ್‌ಕ್ಯಾಟ್ ಎಂಬ ಜಾಲತಾಣದಲ್ಲಿ ಹುಡುಕಿದರೆ ಯಾವ ಲೈಬ್ರರಿಯಲ್ಲಿ ಯಾವ ಪ್ರತಿ ಇದೆ ಎಂದು ಕಾಣುತ್ತದೆ. ಆ ವಿವರ ಬರೆದುಕೊಂಡು ಕೌಂಟರಿನಲ್ಲಿ ಕೊಡಿ.

ಡೆಟ್ರಾಯಿಟ್ ಪಬ್ಲಿಕ್ ಲೈಬ್ರರಿಯಲ್ಲಿ ರಾಷ್ಟ್ರೀಯ ಮೋಟಾರು ಇತಿಹಾಸದ ಸಂಗ್ರಹವೇ ಇದೆ. ಮಿಶಿಗನ್ ಕನ್ನಡಿಗರಿಗೆ ಇದು ಕೈಯಳತೆಯಲ್ಲಿದೆ. ಅಲ್ಲೇ ಡಿಯರ್‌ಬಾರ್ನ್‌ನ ಹೆನ್ರಿ ಫೋರ್ಡ್ ವಸ್ತುಸಂಗ್ರಹಾಲಯಕ್ಕೆ ಸೇರಿದ ಬೆನ್ಸನ್ ಫೋರ್ಡ್ ಸಂಶೋಧನಾ ಕೇಂದ್ರವೂ ಇದೆ. ಪೆನ್ಸಿಲ್ವೇನಿಯಾದ ಹರ್ಷಿಯಲ್ಲಿ ಆಂಟಿಕ್ ಆಟೊಮೊಬೈಲ್ ಕ್ಲಬ್ ಆಫ್ ಅಮೆರಿಕದ ಲೈಬ್ರರಿ ಇದೆ. ಇಂಥ ಕಡೆ ಹೋಗುವ ಮೊದಲು ಸಮಯ ಕೇಳಿಕೊಂಡು, ಬೇಕಾದ್ದರ ಪಟ್ಟಿಯನ್ನು ಮುಂಚೆಯೇ ಕಳಿಸಿ. "ಮಸ್ಟಾಂಗ್ ಬಗ್ಗೆ ಏನಾದರೂ" ಎಂದು ಸುಮ್ನೆ ಕೇಳಿದರೆ ಅವರಿಗೂ ಕಷ್ಟ. "1967, ಸ್ಯಾನ್ ಹೋಸೆ, 289, ಹೀಟರ್ ಕೇಬಲ್ ಜೋಡಣೆಯ ಚಿತ್ರ" ಎಂದರೆ ತೆಗೆದುಕೊಡುತ್ತಾರೆ.

ಮನೆಯಲ್ಲೇ ಕೂತು ನೋಡಲು ಫೋರ್ಡ್ ಹೆರಿಟೇಜ್ ವಾಲ್ಟ್ ಇದೆ. 2022ರಲ್ಲಿ ಫೋರ್ಡ್ ಇದನ್ನು ಎಲ್ಲರಿಗೂ ತೆರೆಯಿತು. 1903ರಿಂದ 2003ರವರೆಗಿನ ಬ್ರೋಷರ್‌ಗಳು, ಫೋಟೊಗಳು ಉಚಿತ. ಇದರಲ್ಲಿ ರಿಪೇರಿ ಮಾಹಿತಿ ಹುಡುಕಬೇಡಿ. ನಿಮ್ಮ ವರ್ಷದ ಕಾರಿಗೆ ಯಾವ ಬಣ್ಣ, ಯಾವ ಸೀಟು, ಯಾವ ಚಕ್ರದ ಮುಚ್ಚಳ ಬರುತ್ತಿತ್ತು ಎಂದು ತಿಳಿಯಲು ಅದು ಒಳ್ಳೆಯದು. ಇಂಟರ್ನೆಟ್ ಆರ್ಕೈವ್‌ನಲ್ಲೂ ಹಳೆ ಮ್ಯಾನುಯಲ್‌ಗಳ ಸ್ಕ್ಯಾನ್ ಸಿಗುತ್ತವೆ. ತೆರೆದ ಕೂಡಲೇ ಮೊದಲ ಪುಟಗಳಲ್ಲಿ ವರ್ಷ ನೋಡಿ, ಪುಟಸಂಖ್ಯೆ ಬಿಟ್ಟುಹೋಗಿದೆಯೇ ನೋಡಿ.

ಹಂತ 6: ಕೊಳ್ಳುವಾಗ

ಮೂಲ ಪ್ರತಿ, ರೀಪ್ರಿಂಟ್, ಡಿಜಿಟಲ್ ಎಂದು ಮೂರು ಬಗೆ. ಮೂಲ ಪ್ರತಿಯಲ್ಲಿ ಫೋಟೊಗಳು ನಿಚ್ಚಳ. ಹಳೆ ಮೆಕ್ಯಾನಿಕ್ ಬರೆದಿಟ್ಟ ಟಿಪ್ಪಣಿಗಳೂ ಕೆಲವೊಮ್ಮೆ ಸಿಗುತ್ತವೆ. ರೀಪ್ರಿಂಟ್‌ಗಳ ತೊಂದರೆ ಏನೆಂದರೆ, ಪುಸ್ತಕವನ್ನು ಪುಸ್ತಕದಿಂದಲೇ ನಕಲು ಮಾಡಿದಾಗ ಫೋಟೊಗಳು ಕಪ್ಪು ಮುದ್ದೆಯಾಗುತ್ತವೆ. ಮಡಚಿದ ದೊಡ್ಡ ನಕ್ಷೆಗಳನ್ನು ಸಣ್ಣ ಪುಟಕ್ಕೆ ಕುಗ್ಗಿಸಿರುತ್ತಾರೆ. ನನಗೂ ಒಮ್ಮೆ ಹೀಗಾಯಿತು. ಒಂದು ಅಂಗಡಿಯಿಂದ ತರಿಸಿದ ವೈರಿಂಗ್ ಪುಸ್ತಕದಲ್ಲಿ ಬಣ್ಣದ ಅಕ್ಷರಗಳನ್ನು ಭೂತಗನ್ನಡಿ ಹಿಡಿದರೂ ಓದಲಾಗಲಿಲ್ಲ. ಆಮೇಲಿನಿಂದ ಕೊಳ್ಳುವ ಮೊದಲು ಮೂರು ಪ್ರಶ್ನೆ ಕೇಳುತ್ತೇನೆ. ವೈರಿಂಗ್ ಇರುವ ಒಂದು ಪುಟದ ಫೋಟೊ ಕಳಿಸುತ್ತೀರಾ? ಒಟ್ಟು ಎಷ್ಟು ಪುಟ? ಮೂಲದಲ್ಲಿದ್ದ ಎಲ್ಲ ವಿಭಾಗವೂ ಇದೆಯೇ?

ಸಿಡಿಯಲ್ಲಿ ಬಂದ ಹಳೆ ಪ್ರತಿಗಳು ಹೊಸ ಕಂಪ್ಯೂಟರಿನಲ್ಲಿ ತೆರೆಯದೆ ಹೋಗಬಹುದು. ಪಿಡಿಎಫ್ ಆಗಿ ಇಳಿಸಿಕೊಳ್ಳುವ ಪ್ರತಿ ವಾಸಿ. ಕಂಪನಿಯ ಪರವಾನಗಿ ಇರುವ ಪ್ರಕಾಶಕರ ಪ್ರತಿಯನ್ನೇ ಆರಿಸಿ. ಯಾರೋ ಕದ್ದು ಸ್ಕ್ಯಾನ್ ಮಾಡಿದ್ದರಲ್ಲಿ ಪುಟ ಹಾರಿದ್ದರೆ ಕೇಳಲು ಯಾರೂ ಇರುವುದಿಲ್ಲ.

ಮೂಲ ಪ್ರತಿಗೆ ನನ್ನ ಆಯ್ಕೆ ಸ್ವಾಪ್ ಮೀಟ್, ಅಂದರೆ ಹಳೆ ಬಿಡಿಭಾಗಗಳ ಸಂತೆ. ಅಕ್ಟೋಬರ್‌ನಲ್ಲಿ ಹರ್ಷಿಯಲ್ಲಿ ನಡೆಯುವುದು ಬಹಳ ದೊಡ್ಡದು. ಪೆನ್ಸಿಲ್ವೇನಿಯಾದ ಕಾರ್ಲೈಲ್‌ನಲ್ಲಿ ಫೋರ್ಡ್, ಜನರಲ್ ಮೋಟಾರ್ಸ್, ಕ್ರೈಸ್ಲರ್ ಕಾರುಗಳಿಗೆ ಬೇರೆ ಬೇರೆ ಮೇಳವೇ ಇವೆ. ಕ್ಯಾಲಿಫೋರ್ನಿಯಾದವರಿಗೆ ಪೊಮೋನಾ ಮತ್ತು ಟರ್ಲಾಕ್ ಹತ್ತಿರ. ಅಲ್ಲಿ ಪುಸ್ತಕವನ್ನು ಕೈಯಲ್ಲಿ ಹಿಡಿದು, ಪುಟ ತಿರುವಿ ಕೊಳ್ಳಬಹುದು. ಗ್ರೀಸ್ ಕಲೆ ಇದ್ದರೆ ಚಿಂತೆಯಿಲ್ಲ. ನೀರು ಕುಡಿದು ಅಂಟಿಕೊಂಡ ಪುಟಗಳಿದ್ದರೆ ಬಿಟ್ಟುಬಿಡಿ.

ಹಂತ 7: ನಿಮ್ಮದೇ ಕಾರಿನ ಜಾತಕ ತರಿಸಿ

ಮ್ಯಾನುಯಲ್ ಹೇಳುವುದು ಆ ಮಾಡೆಲ್ ಬಗ್ಗೆ. ನಿಮ್ಮ ಒಂದು ಕಾರು ಯಾವ ಬಣ್ಣದಲ್ಲಿ, ಯಾವ ಯಾವ ಸೌಲಭ್ಯದೊಂದಿಗೆ ಹೊರಟಿತು ಎಂದು ಅದಕ್ಕೆ ಗೊತ್ತಿಲ್ಲ. 1967 ಮತ್ತು ಅದರ ಈಚಿನ ಫೋರ್ಡ್‌ಗಳಿಗೆ ಮಾರ್ಟಿ ರಿಪೋರ್ಟ್ ಸಿಗುತ್ತದೆ. ಕೆವಿನ್ ಮಾರ್ಟಿ ಅವರ ಸಂಸ್ಥೆಯ ಬಳಿ ಫೋರ್ಡ್‌ನ ತಯಾರಿಕಾ ದಾಖಲೆಗಳಿವೆ. ವಿಐಎನ್ ಕೊಟ್ಟರೆ ಕಾರು ಯಾವತ್ತು ತಯಾರಾಯಿತು, ಏನೇನು ಹಾಕಿತ್ತು ಎಂದು ಅಚ್ಚು ಹಾಕಿ ಕಳಿಸುತ್ತಾರೆ. ಮೂರು ದರ್ಜೆಯಲ್ಲಿ ಇದೆ, ರಿಪೇರಿಗೆ ಕೆಳಗಿನ ದರ್ಜೆಯೇ ಸಾಕು. 1965 ಮತ್ತು 1966ರ ಮಸ್ಟಾಂಗ್‌ಗಳಿಗೆ ಇಂಥ ವರದಿ ಸಿಗುವುದಿಲ್ಲ. ಆ ಕಾರುಗಳಿಗೆ ವಾರಂಟಿ ಪ್ಲೇಟೇ ಗತಿ, ಅದಕ್ಕೇ ಅದನ್ನು ಜೋಪಾನ ಮಾಡಿ.

ಷೆವ್ರೊಲೆ, ಪಾಂಟಿಯಾಕ್, ಡಾಡ್ಜ್ ಇರುವವರಿಗೆ

ಷೆವ್ರೊಲೆ, ಪಾಂಟಿಯಾಕ್ ಜನರಲ್ ಮೋಟಾರ್ಸ್‌ನವು; ಡಾಡ್ಜ್, ಪ್ಲಿಮತ್ ಕ್ರೈಸ್ಲರ್‌ನವು. ಹಂತಗಳು ಇವೇ, ಪುಸ್ತಕದ ಹೆಸರು ಬೇರೆ. ಷೆವ್ರೊಲೆಯ ಕಮಾರೊ, ಷೆವೆಲ್ ಇರುವವರು ಚಾಸಿ ಸರ್ವಿಸ್ ಮ್ಯಾನುಯಲ್ ಒಂದನ್ನೇ ಕೊಂಡು, ಗೇರ್‌ಬಾಕ್ಸ್ ಒಳಗಿನ ಕೆಲಸ ಅದರಲ್ಲಿ ಇಲ್ಲವಲ್ಲ ಎಂದು ಕೇಳುತ್ತಾರೆ. ಆ ವಿಷಯ ಓವರ್‌ಹಾಲ್ ಮ್ಯಾನುಯಲ್ ಎಂಬ ಬೇರೆ ಪುಸ್ತಕದಲ್ಲಿದೆ. ಬಾಗಿಲು, ಗಾಜು, ಸೀಟಿನ ವಿಷಯ ಫಿಶರ್ ಬಾಡಿ ಮ್ಯಾನುಯಲ್‌ನಲ್ಲಿ, ಯಾಕೆಂದರೆ ಬಾಡಿ ಮಾಡುತ್ತಿದ್ದದ್ದು ಫಿಶರ್ ವಿಭಾಗ. ಮೂರೂ ಬೇಕು, ಜೊತೆಗೆ ಅಸೆಂಬ್ಲಿ ಮ್ಯಾನುಯಲ್.

1972ಕ್ಕಿಂತ ಹಿಂದಿನ ಷೆವ್ರೊಲೆ ವಿಐಎನ್ ನೋಡಿದರೆ ಆರು ಸಿಲಿಂಡರೋ ವಿ8ಓ ಎಂದಷ್ಟೇ ತಿಳಿಯುತ್ತದೆ, ಯಾವ ವಿ8 ಎಂದು ತಿಳಿಯುವುದಿಲ್ಲ. ಎಸ್‌ಎಸ್ (ಸೂಪರ್ ಸ್ಪೋರ್ಟ್) ಬ್ಯಾಡ್ಜ್ ಇದೆ ಎಂದು ನಂಬಿ ಪುಸ್ತಕ ಕೊಳ್ಳಬೇಡಿ, ಕಾಸ್ಟಿಂಗ್ ನಂಬರ್ ನೋಡಿ. ಸಿಲಿಂಡರ್ ಎಣಿಕೆಯೂ ಫೋರ್ಡ್‌ಗಿಂತ ಬೇರೆ. ಫೋರ್ಡ್‌ನಲ್ಲಿ ಬಲಗಡೆ 1ರಿಂದ 4, ಎಡಗಡೆ 5ರಿಂದ 8. ಷೆವ್ರೊಲೆಯಲ್ಲಿ ಎಡಗಡೆ 1, 3, 5, 7, ಬಲಗಡೆ 2, 4, 6, 8. ಜನರಲ್ ಮೋಟಾರ್ಸ್ ತನ್ನ ಹಳೆ ಮಾಡೆಲ್‌ಗಳ ಮಾಹಿತಿ ಕಟ್ಟುಗಳನ್ನು ಉಚಿತವಾಗಿ ಕೊಡುತ್ತದೆ. ಪಾಂಟಿಯಾಕ್‌ಗೆ ಪಿಎಚ್‌ಎಸ್ ಎಂಬ ಸಂಸ್ಥೆ ಕಾರಿನ ಮೂಲ ಬಿಲ್ಲಿನ ಪ್ರತಿಯನ್ನು ತೆಗೆದುಕೊಡುತ್ತದೆ.

ಡಾಡ್ಜ್, ಪ್ಲಿಮತ್ ಇರುವವರು ಸೀಟಿನ ಸ್ಪ್ರಿಂಗ್ ನಡುವೆ ಕೈ ಹಾಕಿ ನೋಡಿ. ಕಾರ್ಖಾನೆಯ ಬ್ರಾಡ್‌ಕಾಸ್ಟ್ ಶೀಟ್, ಅಂದರೆ ಆ ಕಾರಿಗೆ ಏನೇನು ಜೋಡಿಸಬೇಕು ಎಂಬ ಪಟ್ಟಿ, ಅಲ್ಲೇ ಸಿಕ್ಕಿಕೊಂಡಿರಬಹುದು. ಜನರಲ್ ಮೋಟಾರ್ಸ್ ಕಾರುಗಳಲ್ಲಿ ಇಂಥ ಹಾಳೆ ಪೆಟ್ರೋಲ್ ಟ್ಯಾಂಕಿನ ಮೇಲೆ ಸಿಕ್ಕಿರುವುದುಂಟು. ಸಿಕ್ಕಿದರೆ ಎಳೆಯಬೇಡಿ. ಮೊದಲು ಫೋಟೊ, ಆಮೇಲೆ ನಿಧಾನಕ್ಕೆ ಬಿಡಿಸುವುದು.

ಹಂತ 8: ಓದುವಾಗ ಎಡವುವ ಜಾಗಗಳು

ಊರಲ್ಲಿ 10-11, 12-13ರ ಸ್ಪ್ಯಾನರ್ ಹಿಡಿದು ಬೆಳೆದವರು ಇದನ್ನು ಗಮನಿಸಿ. ಈ ಕಾರುಗಳೆಲ್ಲ ಇಂಚಿನ ಲೆಕ್ಕ. ಅರ್ಧ ಇಂಚು ಎಂದರೆ 12.7 ಮಿಲಿಮೀಟರ್. 13ರ ಸ್ಪ್ಯಾನರ್ ಅದಕ್ಕೆ ಕೂರುತ್ತದೆ, ಆದರೆ ತುಕ್ಕು ಹಿಡಿದ ಬೋಲ್ಟಿನ ಮೂಲೆಗಳನ್ನು ಸವೆಸಿಬಿಡುತ್ತದೆ. ಇಂಚಿನ ಸೆಟ್ ಕೊಳ್ಳಿ.

ಬಿಗಿ ಹೇಳುವಾಗ ಕೆಲವು ಕಡೆ ಫುಟ್-ಪೌಂಡ್ ಎಂದಿರುತ್ತದೆ, ಕೆಲವು ಕಡೆ ಇಂಚ್-ಪೌಂಡ್. ಒಂದು ಫುಟ್-ಪೌಂಡ್‌ಗೆ 12 ಇಂಚ್-ಪೌಂಡ್. ಒಂದರ ಬದಲು ಇನ್ನೊಂದು ಎಂದು ಓದಿದರೆ ಸಣ್ಣ ಬೋಲ್ಟ್ ಕಟ್ ಎಂದು ಮುರಿಯುತ್ತದೆ. ನಿಮ್ಮ ಟಾರ್ಕ್ ರೆಂಚ್ ನ್ಯೂಟನ್-ಮೀಟರಿನದ್ದಾದರೆ ಫುಟ್-ಪೌಂಡನ್ನು 1.356ರಿಂದ ಗುಣಿಸಿ.

ಎಡ, ಬಲ ಎಂದರೆ ಸೀಟಿನಲ್ಲಿ ಕೂತು ಮುಂದೆ ನೋಡುವವರ ಎಡ, ಬಲ. ಬಾನೆಟ್ ಮುಂದೆ ನಿಂತವರದಲ್ಲ.

1971ರವರೆಗಿನ ಪುಸ್ತಕಗಳಲ್ಲಿ ಹಾರ್ಸ್‌ಪವರ್ ಅಂಕಿ ದೊಡ್ಡದಾಗಿ ಕಾಣುತ್ತದೆ, 1972ರಲ್ಲಿ ತಟ್ಟನೆ ಇಳಿಯುತ್ತದೆ. ಅಳೆಯುವ ಕ್ರಮವೇ ಬದಲಾದದ್ದು ಇದಕ್ಕೆ ಒಂದು ದೊಡ್ಡ ಕಾರಣ. ಮೊದಲು ಫ್ಯಾನ್, ಆಲ್ಟರ್ನೇಟರ್, ಸೈಲೆನ್ಸರ್ ಯಾವ ಹೊರೆಯೂ ಇಲ್ಲದ ಬರಿ ಇಂಜಿನ್ ಅಳೆಯುತ್ತಿದ್ದರು. ಪೆಟ್ರೋಲಿನ ಆಕ್ಟೇನ್ ಕೂಡ ಹಾಗೆಯೇ. ಹಳೆ ಪುಸ್ತಕದ ಅಂಕಿ ರಿಸರ್ಚ್ ಆಕ್ಟೇನ್, ಈಗ ಅಮೆರಿಕದ ಬಂಕಿನಲ್ಲಿ ಕಾಣುವುದು ಎರಡು ಬಗೆಯ ಪರೀಕ್ಷೆಯ ಸರಾಸರಿ. ಒಂದೇ ಪೆಟ್ರೋಲಿಗೆ ಬಂಕಿನ ಅಂಕಿ ಕಡಿಮೆಯೇ ಇರುತ್ತದೆ.

ಕೊನೆಗೆ, ಜೀವಕ್ಕೆ ಸಂಬಂಧಿಸಿದ್ದು. ಆಗಿನ ಪುಸ್ತಕಗಳು ಬ್ರೇಕ್ ಡ್ರಮ್‌ನ ಧೂಳನ್ನು ಗಾಳಿ ಹೊಡೆದು ಹಾರಿಸಿ ಎನ್ನುತ್ತವೆ. ಹಾಗೆ ಮಾಡಲೇಬೇಡಿ. ಹಳೆ ಬ್ರೇಕ್ ಶೂಗಳಲ್ಲಿ ಕಲ್ನಾರು ಇರುತ್ತದೆ, ಆ ಧೂಳು ಶ್ವಾಸಕೋಶಕ್ಕೆ ಹೋದರೆ ಕ್ಯಾನ್ಸರ್ ತರಬಲ್ಲದು. ಒದ್ದೆ ಮಾಡಿ, ಒರೆಸಿ, ಬಟ್ಟೆಯನ್ನು ಚೀಲದಲ್ಲಿ ಕಟ್ಟಿ, ನಿಮ್ಮ ಊರಿನ ನಿಯಮದಂತೆ ವಿಲೇವಾರಿ ಮಾಡಿ. ಪೆಟ್ರೋಲಿನಲ್ಲಿ ಭಾಗಗಳನ್ನು ತೊಳೆಯುವ ಹಳೆ ಅಭ್ಯಾಸವೂ ಬೇಡ. ಅಳತೆ, ಜೋಡಣೆ, ಕ್ರಮ ಇವುಗಳಿಗೆ ಹಳೆ ಪುಸ್ತಕ. ಸುರಕ್ಷತೆಗೆ ಇಂದಿನ ನಿಯಮ.

ಮೂಲ ಪ್ರತಿಯನ್ನು ಗ್ಯಾರೇಜಿಗೆ ಒಯ್ಯಬೇಡಿ. ಅವತ್ತಿನ ಕೆಲಸಕ್ಕೆ ಬೇಕಾದ ಪುಟಗಳನ್ನಷ್ಟೇ ಪ್ರಿಂಟ್ ತೆಗೆದು ಗೋಡೆಗೆ ಅಂಟಿಸಿ. ಬೋಲ್ಟ್ ಬಿಗಿದ ಹಾಗೆ ಅದರ ಪಕ್ಕದಲ್ಲಿ ಪೆನ್ಸಿಲ್‌ನಲ್ಲಿ ಗುರುತು ಹಾಕಿ, ದಿನಾಂಕ ಬರೆಯಿರಿ. ಪುಸ್ತಕದ ಚಿತ್ರಕ್ಕೂ ನಿಮ್ಮ ಕಾರಿಗೂ ವ್ಯತ್ಯಾಸ ಕಂಡರೆ ಅದನ್ನೂ ಅಲ್ಲೇ ಬರೆಯಿರಿ. ಆ ಹಾಳೆಗಳನ್ನು ಬಿಸಾಡದೆ ಒಂದು ಫೈಲಿಗೆ ಹಾಕಿಡಿ. ಕಾರಿನ ಜೊತೆ ಅದೂ ಹೋಗಲಿ.